ಪಾರ್ಜಿಯೊನ ಸದ್ದಿಲ್ಲದ ಗಾಡಿ

ಆ ದಿನ ಬೆಳಿಗ್ಗೆ ಓಣಿಯಲ್ಲಿ ಸದ್ದೇ ಆಗಲಿಲ್ಲ. ಆಮೇಲೆ ಆದ ಅನಾಹುತಕ್ಕೆಲ್ಲ ಮೂಲ ಅದೊಂದೇ.

ಜಾವಾದ ಜೋಗ್ಜಾ ಪಟ್ಟಣದಲ್ಲಿ ಚೊಡೆ ಹೊಳೆಯ ದಂಡೆಗೆ ಅಂಟಿಕೊಂಡ ನಮ್ಮ ಓಣಿ ಎಷ್ಟು ಕಿರಿದೆಂದರೆ, ಒಂದು ಮನೆಯಲ್ಲಿ ಒಗ್ಗರಣೆ ಹಾಕಿದರೆ ಎದುರು ಮನೆಯವರು ಸೀನುತ್ತಾರೆ. ಅಂಥ ಓಣಿಯಲ್ಲಿ ಪಾರ್ಜಿಯೊ ಎಷ್ಟೋ ವರ್ಷದಿಂದ ಒಂದು ಹಳೆಯ ಪೆಟ್ರೋಲ್ ಬೈಕು ಇಟ್ಟುಕೊಂಡಿದ್ದ. ಅದಕ್ಕೆ 'ಮುದುಕಪ್ಪ' ಎಂದು ಓಣಿಯವರೇ ಹೆಸರಿಟ್ಟಿದ್ದರು. ದಿನಾ ಬೆಳಗಿನ ನಮಾಜು ಮುಗಿಸಿ ಜನ ಮನೆಗೆ ಬಂದು ಇನ್ನೊಂದು ಸಣ್ಣ ನಿದ್ದೆ ತೆಗೆಯುತ್ತಾರಲ್ಲ, ಆ ನಿದ್ದೆ ಮುಗಿಯುವ ಹೊತ್ತಿಗೆ ಪಾರ್ಜಿಯೊ ತನ್ನ ಹೆಂಡತಿ ಸುಮಿರಾ ಮಾಡಿದ ಸೋಯಾಕಾಳು ಹುದುಗಿಸಿ ಬಿಲ್ಲೆ ಕಟ್ಟಿದ ತೆಂಪೆಯ ಬುಟ್ಟಿಗಳನ್ನು ಮುದುಕಪ್ಪನ ಬೆನ್ನಿಗೆ ಕಟ್ಟಿ ಕಿಕ್ ಹೊಡೆಯುತ್ತಿದ್ದ. ತೆಂಪೆ ಮಾರುಕಟ್ಟೆಗೆ ಮುಟ್ಟಿಸಿ, ಆಮೇಲೆ ವಾರ್ಡ್ ಕಚೇರಿಯ ತನ್ನ ಗುಮಾಸ್ತಿಕೆಗೆ ಹೋಗಬೇಕು. ಮೊದಲ ಕಿಕ್ಕಿಗೆ ಮುದುಕಪ್ಪ ಕೆಮ್ಮುತ್ತಿದ್ದ, ಎರಡನೆಯದಕ್ಕೆ ಗೊಣಗುತ್ತಿದ್ದ, ಮೂರನೆಯದಕ್ಕೆ ಹಂಚೆಲ್ಲ ಅದುರುವಂತೆ ಅಬ್ಬರಿಸಿ ಓಣಿತುಂಬ ನೀಲಿ ಹೊಗೆ ಬಿಡುತ್ತಿದ್ದ. ಡೆಂಗಿಯ ಕಾಲದಲ್ಲಿ ಸೊಳ್ಳೆ ಓಡಿಸಲು ಹೊಗೆ ಹಾಕುವವರು ಒಮ್ಮೆ ಓಣಿಯ ಬಾಯಿಗೆ ಬಂದು ನೋಡಿ, "ಇಲ್ಲಿ ಆಗಲೇ ಹಾಕಿ ಆಗಿದೆಯಲ್ರೀ" ಎಂದು ವಾಪಸು ಹೋಗಿದ್ದರು.

ಆದರೂ ಯಾರೊಬ್ಬರೂ ಒಂದು ದಿನ ಒಂದು ಮಾತು ಆಡಿದವರಲ್ಲ. ನಮ್ಮ ಜಾವಾದವರ ದಾಕ್ಷಿಣ್ಯವೇ ಅಂಥದ್ದು. ಕಾಲಿನ ಮೇಲೆ ಯಾರಾದರೂ ಗಾಡಿ ಹತ್ತಿಸಿದರೆ, "ಪರವಾಗಿಲ್ಲ, ನಿಧಾನಕ್ಕೆ ಇಳಿಸ್ಕೊಳ್ಳಿ, ಅವಸರ ಇಲ್ಲ" ಅನ್ನುವ ಜನ ನಾವು. ಇಷ್ಟವಿಲ್ಲ ಎನ್ನುವುದನ್ನೂ 'ಆಗಲಿ, ಆಗಲಿ' ಎಂದೇ ಹೇಳುತ್ತೇವೆ. ಕೇಳಿದವನು ಅರ್ಥ ಮಾಡಿಕೊಳ್ಳಬೇಕು. ಪಾರ್ಜಿಯೊಗೆ ಅರ್ಥ ಮಾಡಿಕೊಳ್ಳುವ ವಿದ್ಯೆ ಸ್ವಲ್ಪ ಕಮ್ಮಿ.

ಮುದುಕಪ್ಪ ನಿಲ್ಲುತ್ತಿದ್ದ ಜಾಗಕ್ಕೆ ಸರಿಯಾಗಿ ರುಬಿನೆಮ್ ಅಜ್ಜಿಯ ಅಡುಗೆಮನೆಯ ಕಿಟಕಿ. ಅಜ್ಜಿ ಬೇಯಿಸಿದ ಸೊಪ್ಪು ತರಕಾರಿಗೆ ಕಡಲೆಕಾಯಿ ಗೊಜ್ಜು ಕಲಸಿ, ಎಲೆಯಲ್ಲಿ ಕಟ್ಟಿ ಮಾರುವವಳು. ಪೆಚೆಲ್ ಎಂದರೆ ಅವಳ ಕೈಯದೇ ಆಗಬೇಕು, ಓಣಿಯ ಅರ್ಧಕ್ಕರ್ಧ ಜನರಿಗೆ ಬೆಳಗಿನ ತಿಂಡಿ ಅದೇ. ಪಾರ್ಜಿಯೊನ ತಾಯಿ ಅವನು ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡಳು. ಆಮೇಲೆ ಅವನಿಗೆ ಗಂಜಿ ಕುಡಿಸಿದವಳು, ಜ್ವರ ಬಂದರೆ ಸೆರಗಿನಲ್ಲಿ ಬೆನ್ನಿಗೆ ಕಟ್ಟಿಕೊಂಡು ಆಸ್ಪತ್ರೆಗೆ ಓಡಿದವಳು ಇದೇ ಅಜ್ಜಿ. ಭೂಕಂಪವಾದ ವರ್ಷ, ಮನೆಯೆಲ್ಲ ಕುಸಿದು ಜನ ಟಾರ್ಪಾಲಿನ ಕೆಳಗೆ ಮಲಗಿದ್ದಾಗ, ಸುಮಿರಾಳ ಹೆರಿಗೆ ಮಾಡಿಸಿದವಳೂ ಅವಳೇ. ಆ ಋಣ ತೀರಿಸುವ ದಾರಿ ಪಾರ್ಜಿಯೊಗೆ ಇವತ್ತಿಗೂ ಸಿಕ್ಕಿರಲಿಲ್ಲ.

ಹೋದ ತಿಂಗಳು ಒಂದು ಬೆಳಿಗ್ಗೆ ಅವನು ಕಿಕ್ ಹೊಡೆದು, ಹೊಗೆ ಬಿಡುತ್ತಿದ್ದ ಮುದುಕಪ್ಪನ ಮೇಲೆ ಸಡಿಲವಾದ ಬುಟ್ಟಿಗಳನ್ನು ಮತ್ತೆ ಬಿಗಿಯುತ್ತಿದ್ದಾಗ ಕಿಟಕಿಯೊಳಗಿಂದ ಅಜ್ಜಿಯ ಕೆಮ್ಮು ಕೇಳಿಸಿತು. ನಿಲ್ಲದ ಕೆಮ್ಮು. ಕೆಮ್ಮುತ್ತಲೇ ಅಜ್ಜಿ ಕಿಟಕಿಯನ್ನು ಸದ್ದಾಗದ ಹಾಗೆ, ಮೆಲ್ಲಗೆ ಮುಚ್ಚಿಕೊಂಡಳು. ಅವಳು ದಢಾರನೆ ಮುಚ್ಚಿ ನಾಲ್ಕು ಬೈದಿದ್ದರೆ ಪಾರ್ಜಿಯೊ ಮರೆತುಬಿಡುತ್ತಿದ್ದನೋ ಏನೋ. ಆ ಮೆಲ್ಲಗೆ ಮುಚ್ಚಿದ್ದು ಅವನ ಎದೆಗೆ ಚುಚ್ಚಿತು.

"ನಂಗೆ ಉಸಿರು ಕೊಟ್ಟೋಳು ಕಣೇ ಅವಳು," ಎಂದ ಸುಮಿರಾಳ ಹತ್ತಿರ. "ನಾನು ನೋಡಿದ್ರೆ ದಿನಾ ಬೆಳಗೆದ್ದು ಅವಳ ಉಸಿರು ಕಟ್ಟಿಸ್ತಿದ್ದೀನಿ!"

"ಅದಕ್ಕೇನ್ ಮಾಡ್ತೀರ ಈಗ?"

"ಕರೆಂಟ್ ಗಾಡಿ ತಗೋತೀನಿ. ಹೊಗೇನೂ ಇಲ್ಲ, ಸದ್ದೂ ಇಲ್ಲ."

ತೆಗೆದುಕೊಂಡೂ ಬಿಟ್ಟ. ತಿಳಿ ಹಸಿರು ಬಣ್ಣದ, ಮಿಠಾಯಿಯಂತೆ ಹೊಳೆಯುವ ಬ್ಯಾಟರಿ ಸ್ಕೂಟರು. ನಮ್ಮಲ್ಲಿ ಮನೆಗೆ ಹೊಸ ಗಾಡಿ ಬಂದರೆ ನೆರೆಹೊರೆಯವರನ್ನು ಕರೆದು ಪ್ರಾರ್ಥನೆ ಮಾಡಿಸಿ, ಊಟ ಹಾಕಿ, 'ಸ್ಲಾಮೆತಾನ್' ಮುಗಿಸಿದ ಮೇಲೇ ಅದು ನಮ್ಮದಾಯಿತು ಎಂದು ಲೆಕ್ಕ. ಹಳದಿ ಅನ್ನವನ್ನು ಗೋಪುರದ ಹಾಗೆ ಒತ್ತಿ ನಿಲ್ಲಿಸಿ, ಅದರ ತುದಿಯನ್ನು ಕತ್ತರಿಸಿ, ಯಾರ ಮೇಲೆ ಗೌರವ ಹೆಚ್ಚೋ ಅವರ ಕೈಗೆ ಕೊಡುವುದು ಪದ್ಧತಿ. ಆ ತುದಿ ಅಜ್ಜಿಗೇ ಎಂದು ಪಾರ್ಜಿಯೊ ಮನಸ್ಸಿನಲ್ಲೇ ನಿಶ್ಚಯ ಮಾಡಿದ್ದ. ಗಾಡಿ ಕೊಂಡಿದ್ದು ಯಾಕೆಂಬುದನ್ನೂ ಆಗಲೇ, ಎಲ್ಲರೆದುರು ಹೇಳಬೇಕು. ಅಲ್ಲಿಯವರೆಗೆ ಗುಟ್ಟು. ಆ ಗೋಪುರದ ಅನ್ನ ಮಾಡುವವಳೂ ಅಜ್ಜಿಯೇ, ಏಕೆಂದರೆ ಅವಳು ಒತ್ತಿದ ಅನ್ನ ಮಾತ್ರ ನೆಟ್ಟಗೆ ನಿಲ್ಲುತ್ತದೆ. ಬೇರೆಯವರದು ಅರ್ಧ ಪ್ರಾರ್ಥನೆಗೇ ಒರಗಿಬಿಡುತ್ತದೆ.

ಹೀಗೆ ಸ್ಲಾಮೆತಾನಿನ ದಿನ ಬಂತು. ಮಧ್ಯಾಹ್ನದ ಮೇಲಿನ ನಮಾಜು ಮುಗಿದ ಕೂಡಲೇ ಊಟವೆಂದು ಓಣಿಗೆಲ್ಲ ಹೇಳಿಯಾಗಿತ್ತು. ಅವತ್ತು ಕಚೇರಿಗೆ ರಜೆ ಹಾಕಿದ್ದ ಪಾರ್ಜಿಯೊ ಬೆಳಿಗ್ಗೆ ಹೊಸ ಗಾಡಿಗೆ ತೆಂಪೆ ಬುಟ್ಟಿ ಕಟ್ಟಿ ಕೀಲಿ ತಿರುಗಿಸಿದ. ಏನೂ ಕೇಳಿಸಲಿಲ್ಲ. ಹಿಡಿ ತಿರುಗಿಸಿದರೆ ಗಾಡಿ ಬೆಕ್ಕಿನ ಹಾಗೆ ಜಾರಿಕೊಂಡು ಹೋಯಿತು. ಅಜ್ಜಿಯ ಕಿಟಕಿ ಮುಚ್ಚಿತ್ತು. 'ಮಲಗಲಿ ಪಾಪ, ಇವತ್ತಾದ್ರೂ ಒಳ್ಳೇ ಗಾಳಿ ಕುಡೀಲಿ' ಎಂದುಕೊಂಡ. ಕಣ್ಣು ಒದ್ದೆಯಾಯಿತು.

ಮಾರುಕಟ್ಟೆಯಿಂದ ಬಂದಾಗ ಬಾಂತುಲ್ ಕಡೆಯ ಹಳೇ ಗಾಡಿ ವ್ಯಾಪಾರಿ ಕಸ್ದಿ ಬಾಗಿಲಲ್ಲಿ ನಿಂತಿದ್ದ. ಮುದುಕಪ್ಪನನ್ನು ಅವನಿಗೆ ಮಾರಿಯಾಗಿತ್ತು.

"ಒಂದ್ಸಲ ಸ್ಟಾರ್ಟ್ ಮಾಡಿ ನೋಡ್ಲಾ?" ಎಂದು ಕಸ್ದಿ ಕಾಲೆತ್ತಿದ.

ಪಾರ್ಜಿಯೊ ಓಡಿಬಂದು ಅವನ ಮೊಣಕಾಲು ಹಿಡಿದುಕೊಂಡ. "ಅಯ್ಯೋ, ಬೇಡ ಮಾರಾಯ! ಅಜ್ಜಿ ಮಲಗಿದ್ದಾಳೆ. ಬನ್ನಿ, ದೊಡ್ಡ ರಸ್ತೆವರೆಗೆ ತಳ್ಕೊಂಡು ಹೋಗೋಣ."

ಇಬ್ಬರೂ ಹೆಣ ಹೊತ್ತವರಂತೆ ಸದ್ದಿಲ್ಲದೆ ಮುದುಕಪ್ಪನನ್ನು ಓಣಿ ದಾಟಿಸಿದರು. ತಿರುವಿನಲ್ಲಿ ಪಾರ್ಜಿಯೊ ಅದರ ಸೀಟು ಒಮ್ಮೆ ತಟ್ಟಿ, "ಹೋಗ್ಬಾ ಕಣಪ್ಪಾ, ಉಪಕಾರ ಆಯ್ತು" ಎಂದು ಕೈಮುಗಿದು ಬಂದ.

ವಾಪಸು ಬರುವಾಗ ಬಿಸಿಲು ಗೋಡೆಯಿಂದ ಅರ್ಧ ಇಳಿದಿತ್ತು. ಓಣಿಯ ಯಜಮಾನ ದಲಿಜೊ ಬಾಗಿಲು ತೆಗೆದು, ಒಂದು ಕಾಲಿಗೆ ಶೂ ಒಂದು ಕಾಲಿಗೆ ಹವಾಯಿ ಚಪ್ಪಲಿ ಹಾಕಿಕೊಂಡು ಹೊರಗೆ ಹಾರಿದ. ಅಂಗಿಯನ್ನು ತಿರುವುಮುರುವು ತೊಟ್ಟಿದ್ದ.

"ಏನ್ ಯಜಮಾನ್ರೇ, ಇವತ್ತು ಲೇಟಾ?"

ದಲಿಜೊ ತಡವರಿಸಿ, ಪಾರ್ಜಿಯೊನ ಬಾಗಿಲಲ್ಲಿದ್ದ ಹೊಸ ಗಾಡಿ ನೋಡಿದ, ಆಕಾಶ ನೋಡಿದ, ಆಮೇಲೆ ನಕ್ಕ. "ಏ, ಇಲ್ಲ ಇಲ್ಲ. ಏನ್ ನಿಶ್ಶಬ್ದ ರೀ ಇವತ್ತು! ಇಂಥ ನಿದ್ದೆ ನಂಗೆ ಜನ್ಮದಲ್ಲೇ ಬಂದಿರ್ಲಿಲ್ಲ. ತುಂಬಾ ಉಪಕಾರ ಆಯ್ತು." ಹಾಗೆಂದವನೇ ಕುಂಟುತ್ತ ಓಡಿದ.

ಅವನ ಹಿಂದೆಯೇ ಬಾತಿಕ್ ಬಟ್ಟೆಯ ಕಾರ್ಖಾನೆಗೆ ಹೋಗುವ ವುರ್ಯಾನಿ ತಲೆ ಬಾಚಿಕೊಳ್ಳುತ್ತಲೇ ಓಡಿಬಂದಳು. ಕಾರ್ಖಾನೆಯ ವ್ಯಾನು ಅವಳನ್ನು ಬಿಟ್ಟು ಹೋಗಿ ಆಗಲೇ ಎಷ್ಟೋ ಹೊತ್ತಾಗಿತ್ತು. ಓಣಿಯಲ್ಲಿ ಎಲ್ಲಿ ಏನಾದರೂ ಮೂಗು ತೂರಿಸುವವಳು ಅವಳು, ಆದರೆ ಅವಳೂ ಅವತ್ತು ಗಾಡಿಯನ್ನು ಒಮ್ಮೆ ಸುತ್ತು ಹಾಕಿ, "ಎಷ್ಟ್ ಚೆನ್ನಾಗಿದೆ ಪಾರ್ಜಿಯೊನವ್ರೇ! ಬಂದಿದ್ದೂ ಗೊತ್ತಾಗಲ್ಲ, ಹೋಗಿದ್ದೂ ಗೊತ್ತಾಗಲ್ಲ. ನಮ್ಗಂತೂ ಏನೂ ಗೊತ್ತಾಗ್ಲೇ ಇಲ್ಲ ನೋಡಿ!" ಎಂದು ಹಲ್ಲು ಕಚ್ಚಿ ನಕ್ಕು ಹೋದಳು.

ಪಾರ್ಜಿಯೊ ಹಿಗ್ಗಿದ. ಒಂದೇ ಬೆಳಿಗ್ಗೆಗೆ ಇಷ್ಟು ಜನರ ಕೃತಜ್ಞತೆ! ಇಷ್ಟು ದಿನ ನಿದ್ದೆಗೆಡಿಸಿದ್ದನಲ್ಲ ಎಂದು ನಾಚಿಕೆಯೂ ಆಯಿತು.

ನಿವೃತ್ತ ವಿಜ್ಞಾನ ಮೇಷ್ಟರು ಹರ್ಸೋಯೊ ಮಾತ್ರ ದಾಕ್ಷಿಣ್ಯದವರಲ್ಲ. ಮೇಷ್ಟರಿಗೆ ದಾಕ್ಷಿಣ್ಯವಿದ್ದರೆ ಪಾಠ ನಡೆಯುವುದು ಹೇಗೆ? ಬೆಳಕು ಹರಿಯುವ ಮುಂಚೆ ಅರಮನೆಯ ಬಯಲಿಗೆ ಸೈಕಲ್ ತುಳಿಯುವ ಅವರೂ ಅವತ್ತು ಬಿಸಿಲೇರಿದ ಮೇಲೆ ಸೈಕಲ್ ಹೊರಗೆ ತೆಗೆದರು. ಹೊಸ ಗಾಡಿಯ ಹಿಂಬದಿಗೆ ಬಗ್ಗಿ ನೋಡಿದರು.

"ಹೊಗೆ ಕೊಳವೆ ಎಲ್ಲಯ್ಯ?"

"ಇದಕ್ಕೆ ಇಲ್ಲ ಮೇಷ್ಟ್ರೇ. ಹೊಗೆಯೇ ಇಲ್ವಲ್ಲ."

"ಇದೆ. ಸಮುದ್ರದ ದಂಡೇಲಿದೆ. ನಿನ್ನ ಮನೆ ಕರೆಂಟು ಎಲ್ಲಿಂದ ಬರುತ್ತೆ? ಕಲ್ಲಿದ್ದಲು ಸುಟ್ಟು ಮಾಡಿದ್ದು. ನೀನು ಕೊಳವೇನ ಅಜ್ಜಿ ಕಿಟಕಿ ಮುಂದಿನಿಂದ ಕಿತ್ತು, ಕಡಲ ಕಡೆ ಯಾರೋ ಬಡಪಾಯಿ ಕಿಟಕಿ ಮುಂದೆ ಇಟ್ಟಿದ್ದೀಯ. ಬ್ಯಾಟರಿಗೆ ಬೇಕಾದ ಲೋಹಕ್ಕೆ ಸುಲವೇಸಿ ದ್ವೀಪದಲ್ಲಿ ಗುಡ್ಡ ಬಗೀತಾರೆ, ಅದು ಬೇರೆ."

ಪಾರ್ಜಿಯೊನ ಮುಖ ಸಣ್ಣಗಾಯಿತು. "ಹಂಗಾದ್ರೆ ತಪ್ಪು ಮಾಡಿದ್ನಾ?"

"ಹಂಗಂದ್ನಾ ನಾನು? ಎಲ್ಲಾ ಕೂಡಿ ಕಳೆದು ನೋಡಿದ್ರೂ ಇದು ಆ ಮುದುಕಪ್ಪನಿಗಿಂತ ವಾಸಿ. ವರ್ಷಾನುಗಟ್ಟಲೆ ಓಡಿಸ್ಬೇಕು, ಅದನ್ನ ಪೂರ್ತಿ ಬಿಡ್ಬೇಕು, ಅಷ್ಟೇ. ಬಸ್ ತುಂಬಾ ಜನ ಹೋದ್ರೆ ಅದು ಇನ್ನೂ ವಾಸಿ. ಸೈಕಲ್ ಎಲ್ಲಕ್ಕಿಂತ ವಾಸಿ." ಮೇಷ್ಟರು ತಮ್ಮ ಸೈಕಲ್ ಸೀಟು ತಟ್ಟಿ, ಹೊಟ್ಟೆ ಸವರಿಕೊಂಡರು. "ಅದಿರ್ಲಿ, ಅಜ್ಜಿ ಪೆಚೆಲ್ ಯಾಕಿನ್ನೂ ಬಂದಿಲ್ಲ?"

ಆಗಲೇ ಸುಮಿರಾ ಓಡಿಬಂದಳು. ಮುಖದಲ್ಲಿ ರಕ್ತವಿರಲಿಲ್ಲ. "ರೀ, ಅಜ್ಜಿ ಬಾಗಿಲು ತೆಗೀತಾನೇ ಇಲ್ಲ! ಕೋಳಿ, ತೆಂಗಿನಕಾಯಿ ತರೋಕೆ ಬೆಳಕು ಹರಿಯೋ ಮುಂಚೇನೇ ಹೋಗ್ತೀನಿ ಅಂದಿದ್ಲು. ಒಲೇನೂ ಹತ್ತಿಲ್ಲ."

ಪಾರ್ಜಿಯೊಗೆ ಎಷ್ಟೋ ವರ್ಷದ ಹೊಗೆಯೆಲ್ಲ ಒಮ್ಮೆಲೇ ಕಣ್ಣಿಗೆ ಕಟ್ಟಿತು. ತಡ ಮಾಡಿಬಿಟ್ಟೆನೇ? ಒಂದೇ ಒಂದು ದಿನ ತಡ ಮಾಡಿಬಿಟ್ಟೆನೇ? "ಅಜ್ಜೀ! ಅಜ್ಜೀ!" ಎಂದು ಬಾಗಿಲು ಬಡಿದ. ಉತ್ತರವಿಲ್ಲ. ಭುಜ ಕೊಟ್ಟು ಬಾಗಿಲಿಗೆ ಹಾಯಲು ನಾಲ್ಕು ಹೆಜ್ಜೆ ಹಿಂದೆ ಸರಿದು ಓಡಿಬಂದ. ಅಷ್ಟರಲ್ಲಿ ಅಜ್ಜಿಯೇ ಚಿಲಕ ತೆಗೆದಳು. ಪಾರ್ಜಿಯೊ ಬಾಗಿಲಲ್ಲಿ ನಿಲ್ಲದೆ ಸೀದಾ ಒಳಗೆ ಹೋಗಿ ಸೊಪ್ಪಿನ ಬುಟ್ಟಿಯ ಮೇಲೆ ಬಿದ್ದ.

"ಯಾಕೋ ಮಗಾ, ಕಳ್ಳ ಬಂದನಾ?" ಅಜ್ಜಿ ಕಣ್ಣು ಉಜ್ಜಿಕೊಂಡು ಹೊರಗಿನ ಬಿಸಿಲು ನೋಡಿ ಎದೆ ಹಿಡಿದುಕೊಂಡಳು. "ಅಯ್ಯಯ್ಯೋ! ಇಷ್ಟು ಹೊತ್ತಾಯ್ತಾ? ಪೆಚೆಲ್ ಇಲ್ಲ, ಅನ್ನ ಇಲ್ಲ, ಜನ ಎಲ್ಲ ಉಪವಾಸ! ನಿನ್ ಸ್ಲಾಮೆತಾನ್ ಬೇರೆ! ನನ್ ಮುಖ ಎಲ್ಲಿ ಇಟ್ಕೊಳ್ಳಲೋ!"

ಸೊಪ್ಪಿನ ನಡುವೆ ಬಿದ್ದಿದ್ದ ಪಾರ್ಜಿಯೊಗೆ ನಗುವೂ ಅಳುವೂ ಒಟ್ಟಿಗೆ ಬಂದವು. ಅಜ್ಜಿ ಬದುಕಿದ್ದಾಳೆ! "ಏನೂ ಆಗಿಲ್ಲ ಅಜ್ಜಿ, ನೀನು ಒಲೆ ಹಚ್ಚು. ಕೋಳಿ, ಕಾಯಿ, ಬಾಳೆಲೆ ಎಲ್ಲಾ ನಾನೇ ತರ್ತೀನಿ. ಹೊಸ ಗಾಡಿ ಇದೆಯಲ್ಲ!"

"ಎಲ್ಲಾ ನಿನ್ ಗಾಡಿಯಿಂದಾನೇ..." ಎಂದು ಏನೋ ಹೇಳಹೊರಟ ಅಜ್ಜಿ, ಅವನ ಮುಖದ ಸಂತೋಷ ನೋಡಿ ಮಾತು ನುಂಗಿಕೊಂಡಳು. "ಗಾಡಿಯಿಂದಾನೇ ಅನುಕೂಲ ಆಯ್ತು ಮಗಾ. ಹೋಗ್ಬಾ."

ಹೊಸ ಗಾಡಿಗೆ ಒಂದು ಕೊರತೆಯಿತ್ತು, ಅದು ಪಾರ್ಜಿಯೊಗೆ ಗೊತ್ತಿರಲಿಲ್ಲ. ನಮ್ಮ ಓಣಿಯ ಮನೆಗಳಿಗೆ ಕೊಟ್ಟಿರುವ ಕರೆಂಟು ಅಷ್ಟಕ್ಕಷ್ಟೆ. ಅನ್ನದ ಕುಕ್ಕರು ಉರಿಯುವಾಗ ನೀರಿನ ಪಂಪು ಹಾಕಿದರೆ ಟಕ್ಕೆಂದು ಸ್ವಿಚ್ಚು ಬಿದ್ದು ಮನೆಯೇ ಕತ್ತಲು. ರಾತ್ರಿ ಪಾರ್ಜಿಯೊ ಗಾಡಿಗೆ ವೈರು ಸಿಕ್ಕಿಸಿ ಮಲಗಿದ ಮೇಲೆ ಸುಮಿರಾ ತೆಂಪೆಗೆ ಕಾಳು ಬೇಯಿಸಲು ಕುಕ್ಕರು ಹಾಕಿದ್ದಳು, ಸ್ವಿಚ್ಚು ಬಿದ್ದಿತ್ತು, ಅವಳು ಮೇಣದಬತ್ತಿ ಹಚ್ಚಿ ಸೌದೆ ಒಲೆಯಲ್ಲಿ ಕೆಲಸ ಮುಗಿಸಿದ್ದಳು. ಗಂಡನ ನಿದ್ದೆ ಕೆಡಿಸಬಾರದೆಂದು ಹೇಳಿರಲಿಲ್ಲ. ಗಾಡಿ ಅರ್ಧ ಹೊಟ್ಟೆಯಲ್ಲೇ ಮಲಗಿತ್ತು.

ಹಾಗಾಗಿ ಮಾರುಕಟ್ಟೆಯಿಂದ ಬರುವಾಗ, ಎಡಗಡೆ ಎರಡು ಜೀವಂತ ಕೋಳಿ, ಬಲಗಡೆ ತೆಂಗಿನಕಾಯಿ ಚೀಲ, ಕಾಲ ನಡುವೆ ಬಾಳೆಲೆಯ ಸುರುಳಿ ಇಟ್ಟುಕೊಂಡು ಸೇತುವೆಯ ಏರು ಹತ್ತುತ್ತಿದ್ದ ಪಾರ್ಜಿಯೊನ ಗಾಡಿ ನಿಧಾನವಾಯಿತು, ಇನ್ನೂ ನಿಧಾನವಾಯಿತು, ಆಮೇಲೆ ನಿಂತೇ ಹೋಯಿತು. ಬಂದ ಹಾಗೇ ಸದ್ದಿಲ್ಲದೆ ನಿಂತಿತು. ಹಿಂದಿನಿಂದ ಬಂದವರಿಗೆ ಅದು ನಿಂತಿದ್ದೂ ಗೊತ್ತಾಗದೆ ಒಬ್ಬ ಹಣ್ಣಿನವನು ತನ್ನ ತಳ್ಳುಗಾಡಿಯನ್ನು ತಂದು ಮೆಲ್ಲಗೆ ಗುದ್ದಿದ. ಚೀಲ ಹರಿದು ತೆಂಗಿನಕಾಯಿಗಳು ಇಳಿಜಾರಿನಲ್ಲಿ ಉರುಳಿದವು. ಕೋಳಿಗಳು ಕೂಗಾಡಿದವು. ಪಾರ್ಜಿಯೊ ಕಾಯಿ ಹಿಡಿಯಲು ಓಡಿದರೆ ಕೋಳಿ ತಪ್ಪಿಸಿಕೊಳ್ಳುತ್ತಿತ್ತು, ಕೋಳಿ ಹಿಡಿಯಲು ಬಂದರೆ ಬಾಳೆಲೆ ಹಾರುತ್ತಿತ್ತು. ಎಲ್ಲವನ್ನೂ ಹಿಡಿದು ಮುಗಿಯುವ ಹೊತ್ತಿಗೆ ಅವನ ಹೊಸ ಬಾತಿಕ್ ಅಂಗಿ ಕೋಳಿಯ ಅಂಗಿಯಾಗಿತ್ತು.

ಕೊನೆಗೆ ಒಬ್ಬ ಬೆಚಾ ಓಡಿಸುವ ಮುದುಕನೇ ಕರುಣೆ ತೋರಿಸಿದ. ಬೆಚಾ ಎಂದರೆ ಮುಂದುಗಡೆ ಸೀಟು, ಹಿಂದುಗಡೆ ಪೆಡಲು ಇರುವ ಸೈಕಲ್ ರಿಕ್ಷಾ. ಸೀಟಿನ ಮೇಲೆ ಸ್ಕೂಟರನ್ನು ಮದುವಣಗಿತ್ತಿಯಂತೆ ಕೂರಿಸಿದರು. ಅದರ ತೊಡೆಯ ಮೇಲೆ ಕೋಳಿ. ಏರಿನಲ್ಲಿ ಮುದುಕನ ಕಾಲು ಸೋತಿತು. ಪಾರ್ಜಿಯೊ ಹಿಂದಿನಿಂದ ತಳ್ಳಿದ. ಆಗಲೇ ಪಕ್ಕದಲ್ಲಿ ಗಂಟೆ ಬಾರಿಸುತ್ತ ಹರ್ಸೋಯೊ ಮೇಷ್ಟರ ಸೈಕಲ್ ಬಂತು.

"ಭೇಷ್ ಪಾರ್ಜಿಯೊ! ಈಗ ನೋಡು, ಚೂರೂ ಹೊಗೆ ಇಲ್ಲ. ಕರೆಂಟ್ ಗಾಡಿ ಅಂದ್ರೆ ಹಿಂಗೇ ಓಡಿಸ್ಬೇಕು!"

"ಮೇಷ್ಟ್ರೇ, ಒಂದು ಕೈ ಹಚ್ಚಿ!"

"ಹಚ್ಚಿದ್ರೆ ನಂಗೆ ಹಸಿವಾಗುತ್ತೆ. ಹಸಿವಾದ್ರೆ ಜಾಸ್ತಿ ತಿಂತೀನಿ. ಆ ಅನ್ನ ಬೇಯೋಕೂ ಹೊಗೆ ಆಗುತ್ತಲ್ಲ, ಅದನ್ನ ಯಾರ ಲೆಕ್ಕಕ್ಕೆ ಹಾಕೋದು?" ಎಂದರೂ ಮೇಷ್ಟರು ಸೈಕಲ್ ನಿಲ್ಲಿಸಿ ಇಳಿದು ಹೆಗಲು ಕೊಟ್ಟರು. ಅಷ್ಟು ಒಳ್ಳೆಯವರು ಅವರು, ಬಾಯಿ ಮಾತ್ರ ಹಾಗೆ.

ಅಂತೂ ಅನ್ನದ ಗೋಪುರ ಎದ್ದು ನಿಂತಿತು. ಹೇಗೆಂದು ಕೇಳಬೇಡಿ. ಅಜ್ಜಿ ಕೆಮ್ಮುತ್ತ ಮೆಣಸಿನಕಾಯಿ ಹುರಿದಳು, ಸುಮಿರಾ ಕೋಳಿ ಮಾಡಿದಳು, ವುರ್ಯಾನಿ ಹೇಗಿದ್ದರೂ ಕೆಲಸ ತಪ್ಪಿತಲ್ಲ ಎಂದು ತೆಂಗಿನಕಾಯಿ ತುರಿಯುತ್ತ ಪಕ್ಕದ ಓಣಿಯ ಸುದ್ದಿಯನ್ನೂ ತುರಿದಳು. ನಮಾಜು ಮುಗಿಸಿ ಗಂಡಸರು ಚಾಪೆಯ ಮೇಲೆ ಸುತ್ತ ಕೂತಾಗ ಹಳದಿ ಗೋಪುರ ನಡುವೆ ನೆಟ್ಟಗೆ ನಿಂತಿತ್ತು. ಕರೆಂಟ್ ಗಾಡಿಗೆ ಮಲ್ಲಿಗೆ ಹಾರ ಹಾಕಿ ಪಕ್ಕದಲ್ಲಿ ನಿಲ್ಲಿಸಿದ್ದರು. ಯಜಮಾನ ದಲಿಜೊ ತಂದ ಧ್ವನಿವರ್ಧಕವನ್ನೂ ಎರಡು ಫ್ಯಾನುಗಳನ್ನೂ ಪಾರ್ಜಿಯೊನ ಮನೆಯ ಕರೆಂಟಿಗೇ ಸಿಕ್ಕಿಸಿದ್ದರು. ಪ್ರಾರ್ಥನೆ ಮುಗಿಯಿತು. ಎಲ್ಲರೂ ಆಮೀನ್ ಎಂದರು.

ಪಾರ್ಜಿಯೊ ಚಾಕು ತೆಗೆದು ಗೋಪುರದ ತುದಿ ಕತ್ತರಿಸಿ ಎಲೆಯ ಮೇಲಿಟ್ಟ. ಎಲ್ಲರೂ ಯಜಮಾನನ ಕಡೆ ನೋಡಿದರು. ದಲಿಜೊ ಆಗಲೇ ಕೈಚಾಚಿದ್ದ. ಪಾರ್ಜಿಯೊ ಅವನನ್ನು ದಾಟಿ ಅಡುಗೆಮನೆಯ ಬಾಗಿಲಿಗೆ ಹೋಗಿ, ಹೆಂಗಸರ ನಡುವೆ ನಿಂತಿದ್ದ ರುಬಿನೆಮ್ ಅಜ್ಜಿಯ ಮುಂದೆ ಮಂಡಿಯೂರಿದ.

"ಅಜ್ಜೀ, ಇದು ನಿಂಗೆ. ಈ ಗಾಡಿ ತಂದಿದ್ದೂ ನಿನಗೋಸ್ಕರಾನೇ. ನಾನು ಹಾಲು ಕುಡಿಯೋ ಮಗು ಆಗಿದ್ದಾಗ ನೀನು ನನ್ನ ಬದುಕಿಸಿದೆ. ನಾನು ನಿಂಗೆ ಕೊಟ್ಟಿದ್ದೇನು? ದಿನಾ ಕಿಟಕಿ ತುಂಬಾ ಹೊಗೆ. ನೀನು ಕೆಮ್ತಾ ಕಿಟಕಿ ಮುಚ್ಕೊಂಡೆ, ಒಂದು ಮಾತೂ ಅನ್ಲಿಲ್ಲ. ನಂಗೆ ತಡ್ಕೊಳ್ಳೋಕೆ ಆಗ್ಲಿಲ್ಲ. ಇನ್ಮೇಲೆ ನಿಂಗೆ ಕೆಮ್ಮು ಬರಲ್ಲ ಅಜ್ಜಿ."

ಚಾಪೆಯ ಮೇಲೆ ಕೂತವರು ಮೂಗು ಒರೆಸಿಕೊಂಡರು. ಮೇಷ್ಟರೂ ಕನ್ನಡಕ ತೆಗೆದರು. ಅಜ್ಜಿಯ ಕಣ್ಣಲ್ಲಿ ನೀರು ಸುರಿಯಿತು. ಎಲೆಯನ್ನು ಕಣ್ಣಿಗೊತ್ತಿಕೊಂಡು ಅವನ ತಲೆ ನೇವರಿಸಿದಳು.

"ಮಗಾ... ನನ್ನ ಕೆಮ್ಮು ನಿನ್ನ ಗಾಡಿಯಿಂದ ಅಲ್ವಲ್ಲೋ."

"ಮತ್ತೆ?"

"ಮೆಣಸಿನಕಾಯಿ ಘಾಟು ಕಣೋ. ಮದುವೆಯಾಗಿ ಬಂದಾಗಿಂದ ಕೆಮ್ತಾನೇ ಇದ್ದೀನಿ. ನನ್ನ ಕೆಮ್ಮು ಕೇಳ್ಸಿದ್ರೆ ತಿಂಡಿ ರೆಡಿ ಅಂತ ನನ್ನ ಗಂಡ ಏಳೋನು."

"ಮತ್ತೆ ಕಿಟಕಿ ಮುಚ್ಚಿದ್ದು?"

"ನೀನು ಹೊರಗೆ ನಿಂತಿರ್ತೀಯಲ್ಲ, ನನ್ನ ಘಾಟು ನಿನ್ನ ಕಣ್ಣಿಗೆ ಹೋಗ್ಬಾರ್ದು ಅಂತ!"

ಪಾರ್ಜಿಯೊ ಮಂಡಿಯೂರಿದಲ್ಲೇ ಕೂತುಬಿಟ್ಟ. ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು, ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದಳು. ಧ್ವನಿವರ್ಧಕದ ಮೈಕು ಪಕ್ಕದಲ್ಲೇ ಇದ್ದುದರಿಂದ ಆ ತಗ್ಗಿದ ದನಿ ಹೊಳೆಯ ಆಚೆ ದಂಡೆಗೂ ಕೇಳಿಸಿತು.

"ಬೇಜಾರು ಮಾಡ್ಕೋಬೇಡ ಮಗಾ. ಆ ಮುದುಕಪ್ಪನ್ನ ಮಾರ್ಲೇಬೇಕಿತ್ತಾ? ನಮಾಜು ಮುಗ್ಸಿ ಒಂಚೂರು ಒರಗ್ತೀನಿ. ನೀನು ಮೂರನೇ ಸಲ ಒದ್ದಾಗ ಮಂಚ ಅಲ್ಲಾಡುತ್ತೆ, ಎದ್ದು ಒಲೆ ಹಚ್ತೀನಿ. ಇವತ್ತು ಮಂಚ ಅಲ್ಲಾಡ್ಲಿಲ್ಲ. ನಾನು ಏಳ್ಲಿಲ್ಲ."

ಆಮೇಲೆ ಎಷ್ಟೋ ವರ್ಷದ ದಾಕ್ಷಿಣ್ಯ ಒಮ್ಮೆಲೇ ಕಟ್ಟೆಯೊಡೆಯಿತು.

"ಅಜ್ಜೀನೇ ಹೇಳಿದ ಮೇಲೆ ನಾನೂ ಹೇಳ್ತೀನಿ," ಎಂದ ದಲಿಜೊ. "ಮುದುಕಪ್ಪ ಕೆಮ್ಮಿದ್ರೆ ನಾನು ಎದ್ದೇಳ್ತೀನಿ, ಗೊಣಗಿದ್ರೆ ಮುಖ ತೊಳೀತೀನಿ, ಅಬ್ಬರಿಸಿದ್ರೆ ಪ್ಯಾಂಟು ಹಾಕ್ತೀನಿ. ಇವತ್ತು ಕಚೇರೀಲಿ ನನ್ನ ಮಾನ ಹೋಯ್ತು!"

"ನಂಗೆ ವ್ಯಾನೇ ತಪ್ಪೋಯ್ತು!" ಎಂದಳು ವುರ್ಯಾನಿ. "ಆ ಹೊಗೆ ಇದ್ರೆ ಸೊಳ್ಳೇನಾದ್ರೂ ಬರ್ತಿರ್ಲಿಲ್ಲ. ನೋಡಿ, ಒಂದೇ ದಿನಕ್ಕೆ ಹೆಂಗೆ ಕಚ್ಚಿವೆ!"

"ನನ್ನ ವ್ಯಾಯಾಮಾನೂ ತಪ್ತು," ಎಂದರು ಮೇಷ್ಟರು ಮೆಲ್ಲಗೆ. ಎಲ್ಲರೂ ಅವರ ಕಡೆ ತಿರುಗಿದರು. "ಏನ್ ನೋಡ್ತೀರ? ವಿಜ್ಞಾನ ಬೇರೆ, ನಿದ್ದೆ ಬೇರೆ."

"ಈಗ ಏನ್ ಮಾಡೋದು? ಮಾರಾಗಿದೆಯಲ್ಲ!" ಎಂದು ಪಾರ್ಜಿಯೊ ತಲೆಯ ಮೇಲೆ ಕೈಹೊತ್ತ.

ಆ ಹೊತ್ತಿಗೆ ಸರಿಯಾಗಿ ಓಣಿಯ ಬಾಯಲ್ಲಿ ಏದುಸಿರು ಕೇಳಿಸಿತು. ಮೈಯೆಲ್ಲ ಬೆವರಾಗಿ, ಮುದುಕಪ್ಪನನ್ನು ತಳ್ಳಿಕೊಂಡು ಕಸ್ದಿ ಬರುತ್ತಿದ್ದ.

"ತಗೊಳ್ಳಿ ಸ್ವಾಮಿ ನಿಮ್ಮ ಮಾಲು! ನಾನು ಒದ್ದೆ, ನನ್ನ ತಮ್ಮ ಒದ್ದ, ಬಾಂತುಲ್‌ನಲ್ಲಿರೋ ಮೆಕ್ಯಾನಿಕ್ಕುಗಳೆಲ್ಲಾ ಒದ್ರು. ಒಂದು ಕೆಮ್ಮು ಕೂಡಾ ಇಲ್ಲ. ಮಾರೋದಾದ್ರೆ ನಿಮ್ಮ ಕಾಲನ್ನೂ ಸೇರಿಸಿ ಮಾರಿ, ಇಲ್ಲಾಂದ್ರೆ ಬೇಡ."

ಇಡೀ ಓಣಿ "ಅಲ್ಹಮ್ದುಲಿಲ್ಲಾ!" ಎಂದಿತು. ಕಸ್ದಿಗೆ ಏನೂ ತಿಳಿಯದಿದ್ದರೂ ಅವನನ್ನು ಎಳೆದು ಚಾಪೆಯ ಮೇಲೆ ಕೂರಿಸಿ, ಯಾರಿಗೂ ಸಿಗದ ಕೋಳಿಕಾಲು ಅವನ ಎಲೆಗೆ ಬಡಿಸಿದರು. ಪಾರ್ಜಿಯೊ ಮುದುಕಪ್ಪನ ಹತ್ತಿರ ಹೋಗಿ ಕಾಲೆತ್ತಿದ. ಒಂದನೆಯದಕ್ಕೆ ಕೆಮ್ಮಿತು, ಎರಡನೆಯದಕ್ಕೆ ಗೊಣಗಿತು, ಮೂರನೆಯದಕ್ಕೆ ಅಬ್ಬರಿಸಿತು. ರುಬಿನೆಮ್ ಅಜ್ಜಿ ಅಭ್ಯಾಸಬಲದಿಂದ ಎದ್ದು ತನ್ನ ಮನೆಗೆ ಓಡಿ ಒಲೆಗೆ ಬೆಂಕಿ ಹಚ್ಚಿಬಿಟ್ಟಳು. ದಲಿಜೊನ ಕೈ ತಾನಾಗಿ ಸೊಂಟದ ಬೆಲ್ಟಿಗೆ ಹೋಯಿತು.

ಅಲ್ಲೇ, ಊಟದ ನಡುವೆಯೇ ಓಣಿಯ ಸಭೆ ನಡೆಯಿತು. ನಮ್ಮಲ್ಲಿ ಕೈ ಎತ್ತಿ ಮತ ಹಾಕುವ ಪದ್ಧತಿಯಿಲ್ಲ, ಎಲ್ಲರೂ ಒಪ್ಪುವವರೆಗೂ ಮಾತಾಡುತ್ತೇವೆ. ಮುದುಕಪ್ಪ ಇನ್ನು ಮುಂದೆ ಇಡೀ ಓಣಿಗೆ ಸೇರಿದ್ದು, ರಾತ್ರಿ ಗಸ್ತಿನವರು ಕೂರುವ ಕಾವಲು ಕಟ್ಟೆಯ ಪಕ್ಕದಲ್ಲಿ ಸರಪಳಿ ಹಾಕಿ ನಿಲ್ಲಿಸಬೇಕು, ಯಾರೂ ಅದನ್ನು ಓಣಿಯಿಂದ ಹೊರಗೆ ಒಯ್ಯಕೂಡದು ಎಂದು ತೀರ್ಮಾನವಾಯಿತು. ದಿನಾ ಬೆಳಿಗ್ಗೆ ಪಾರ್ಜಿಯೊ ಅದನ್ನು ಒದೆಯಬೇಕು.

"ಒಪ್ಪಿಗೆ ತಾನೇ ಪಾರ್ಜಿಯೊನವ್ರೇ? ನಿಮ್ಗೆ ತೊಂದ್ರೆ ಆಗೋದಾದ್ರೆ ಬೇಡ," ಎಂದ ದಲಿಜೊ, ಬಲು ವಿನಯದಿಂದ.

ಎದುರಿಗೆ ಅಜ್ಜಿ ನಿಂತಿದ್ದಳು. ಕಣ್ಣಿನ ತುಂಬ ಆಸೆ.

"ಆಗಲಿ, ಆಗಲಿ," ಎಂದ ಪಾರ್ಜಿಯೊ.

ಮೇಷ್ಟರು ಬೆರಳು ಮಡಚಿ ಎಣಿಸುತ್ತಿದ್ದರು. "ಕರೆಂಟ್ ಗಾಡಿಗೆ ಕಲ್ಲಿದ್ದಲ ಹೊಗೆ. ನಿಂತಲ್ಲೇ ನಿಂತಿರೋ ಗಾಡಿಗೆ ಪೆಟ್ರೋಲ್ ಹೊಗೆ. ಇಂಥ ಲೆಕ್ಕ ನಾನು ಯಾವ ಮಕ್ಕಳಿಗೂ ಕೊಟ್ಟಿರ್ಲಿಲ್ಲ ಕಣಯ್ಯಾ!"

ಮಾರನೆಯ ಬೆಳಿಗ್ಗೆ ಪಾರ್ಜಿಯೊ ಕಾವಲು ಕಟ್ಟೆಗೆ ಹೋಗಿ ಮೂರು ಸಲ ಒದ್ದ. ಹಂಚು ಅದುರಿತು, ನೀಲಿ ಹೊಗೆ ಓಣಿ ತುಂಬಿತು. ಒಂದೊಂದೇ ಕಿಟಕಿ ತೆರೆದುಕೊಂಡಿತು. "ಮಾತುರ್ ನುವುನ್! ಉಪಕಾರ ಆಯ್ತು ಪಾರ್ಜಿಯೊನವ್ರೇ!" ಎಂದು ಎರಡೂ ಕಡೆಯಿಂದ ಕೂಗಿದರು. ಅವನು ಎಲ್ಲರ ಉಪಕಾರ ಕೇಳಿ ಮುಗಿಸುವಷ್ಟರಲ್ಲಿ ಅಜ್ಜಿ ಅಷ್ಟು ದೂರ ನಡೆದುಬಂದು, ಕೆಮ್ಮುತ್ತಲೇ, ಅವನ ಕೈಗೆ ಬಿಸಿ ಪೆಚೆಲ್ ಪೊಟ್ಟಣ ಇಟ್ಟಳು. "ನೀನು ಚೆನ್ನಾಗಿರು ಮಗಾ. ನಿನ್ನಿಂದ ಇವತ್ತು ನನ್ನ ಒಲೆ ಹೊತ್ತಿತು." ಪಾರ್ಜಿಯೊ ಕಣ್ಣು ಒರೆಸಿಕೊಂಡ. ಅರ್ಧ ಹೊಗೆಗೆ, ಅರ್ಧ ಆ ಮಾತಿಗೆ. ಋಣ ತೀರಿಸಲು ಹೋಗಿ ಇನ್ನಷ್ಟು ಋಣ ಹೊತ್ತುಕೊಂಡ ಹಾಗಾಗಿತ್ತು, ಆದರೂ ಅವನಿಗೆ ಸುಖವೇ ಅನಿಸಿತು.

ಮನೆಗೆ ಬಂದು ತೆಂಪೆ ಬುಟ್ಟಿ ಕಟ್ಟಿ ಹಸಿರು ಗಾಡಿಯ ಕೀಲಿ ತಿರುಗಿಸಿದ. ಏನೂ ಕೇಳಿಸಲಿಲ್ಲ. ಹಿಡಿ ತಿರುಗಿಸಿದ. ಗಾಡಿ ಅಲ್ಲಾಡಲೂ ಇಲ್ಲ. ನಮ್ಮಲ್ಲಿ ಕರೆಂಟನ್ನು ಮುಂಚೆಯೇ ಕೊಂಡು ಮೀಟರಿಗೆ ತುಂಬಿಸಬೇಕು. ಧ್ವನಿವರ್ಧಕ, ಫ್ಯಾನು, ದೀಪ ಎಲ್ಲ ಸೇರಿ ನಿನ್ನೆ ಅದನ್ನು ಪೂರ್ತಿ ಕುಡಿದಿದ್ದವು. ಕರೆಂಟು ಮುಗಿಯಿತೆಂದು ರಾತ್ರಿಯಿಡೀ ಮೀಟರು ಕೀಂಕೀಂ ಅನ್ನುತ್ತಿದ್ದುದನ್ನು, ದಣಿದು ಮಲಗಿದ್ದ ಗಂಡಹೆಂಡತಿಯನ್ನು ಬಿಟ್ಟು ನೆರೆಹೊರೆಯವರೆಲ್ಲ ಕೇಳಿದ್ದರು. ಹೇಳಿದರೆ ಪಾರ್ಜಿಯೊಗೆ ನಾಚಿಕೆಯಾದೀತೆಂದು ಯಾರೂ ಹೇಳಿರಲಿಲ್ಲ.

ತೆಂಪೆ ಬುಟ್ಟಿ ತಬ್ಬಿಕೊಂಡು ಅವನು ಓಣಿಯ ಬಾಯಲ್ಲಿ ನಿಂತಿದ್ದಾಗ ಹರ್ಸೋಯೊ ಮೇಷ್ಟರ ಸೈಕಲ್ ಬಂದು ನಿಂತಿತು.

"ಮಾರ್ಕೆಟ್ಟಿಗಾ? ಬಾ, ಬಾ, ದಾರೀಲೇ ಇದೆ."

ಪಾರ್ಜಿಯೊಗೆ ಮೇಷ್ಟರ ಕಾಲಿಗೆ ಬೀಳಬೇಕೆನಿಸಿತು. "ದೊಡ್ಡ ಉಪಕಾರ ಆಯ್ತು ಮೇಷ್ಟ್ರೇ," ಎಂದು ಕ್ಯಾರಿಯರಿನ ಮೇಲೆ ಕೂರಲು ಹೋದ.

"ಅಲ್ಲಲ್ಲ," ಎಂದು ಮೇಷ್ಟರು ಸೀಟಿನಿಂದ ಇಳಿದರು. ಬುಟ್ಟಿಯನ್ನು ತಾವು ಇಸಿದುಕೊಂಡು ಕ್ಯಾರಿಯರಿನ ಮೇಲೆ ಆರಾಮಾಗಿ ಕೂತರು. ಅದರಿಂದ ಒಂದು ತುಂಡು ತೆಂಪೆ ಮುರಿದುಕೊಂಡರು. "ನೀನು ತುಳಿ. ನಾನು ಹಿಂದೆ ಕೂತು ಲೆಕ್ಕ ಹೇಳ್ತೀನಿ."